ಟೈಪಿಸ್ಟನ ಹೆಸರಿಲ್ಲದ ಪಟ್ಟಿ

ಮೊನ್ನೆ ನೋಟರಿಯವರಲ್ಲಿ ಕಾರ್ಬನ್ ಹಾಳೆಯ ವಾಸನೆ ಮೂಗಿಗೆ ಬಡಿದು, ಕೊಲ್ಲಿ ದ್ವೀಪದೇಶದ ಗುದೈಬಿಯಾ ಬಡಾವಣೆಯಲ್ಲಿದ್ದ ನಮ್ಮ ಫ್ಲ್ಯಾಟಿನ ಆ ಮಧ್ಯಾಹ್ನ ಎದುರಿಗೆ ಬಂದು ಕುಳಿತಿತು.

ಹೊರಗೆ ಗಲಾಟೆ, ಶಾಲೆ ಮುಚ್ಚಿತ್ತು. ಅಜ್ಜ, ಅಪ್ಪ, ಅಮ್ಮ, ನಾನು ಎಂದು ನಾವಿದ್ದದ್ದು ನಾಲ್ಕು ಮಂದಿ; ಅಪ್ಪ ಅಂಗಲಾಚಿ ತಂದದ್ದು ಮಂಗಳೂರಿಗೆ ಮೂರು ಟಿಕೆಟ್. ಮುಂದಿನ ವಿಮಾನ ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ. ಅಜ್ಜ ಮಾತ್ರ ಇಸ್ತ್ರಿ ಅಂಗಿ ತೊಟ್ಟು, ಹಳೆಯ ಟೈಪ್‌ರೈಟರಿನ ಮುಂದೆ ಕುಳಿತರು. ಬ್ರಿಟಿಷರ ಕಾಲದಲ್ಲಿ ಅವರು ಅಲ್ಲೇ ಸರಕಾರಿ ಟೈಪಿಸ್ಟ್ ಆಗಿದ್ದವರು.

"ಈ ದ್ವೀಪ ಬಿಟ್ಟು ಹೊರಡುವ ಮುಂಚೆ ಇದರ ಗತಿ ಏನೂಂತ ಬ್ರಿಟಿಷ್ ಸಾಹೇಬರಿಗೇ ಗೊತ್ತಿರಲಿಲ್ಲ ಮಾರಾಯ," ಎಂದರು ಅಪ್ಪನಿಗೆ. "ನೆರೆಯ ರಾಜ್ಯಗಳೊಟ್ಟಿಗೆ ಸೇರಿದರೆ ಒಂದು ಯೋಜನೆ, ಸೇರದಿದ್ದರೆ ಇನ್ನೊಂದು, ಯಾರಾದರೂ ನುಂಗಿದರೆ ಮತ್ತೊಂದು. ಕುಟ್ಟಿ ಕುಟ್ಟಿ ಬೆರಳು ಸವೆದದ್ದು ನನ್ನದು!"

ಯಾರು ಹೋಗುವುದು, ಯಾರು ಉಳಿಯುವುದು ಎಂಬ ನಮ್ಮ ಸಂಸಾರದ ಭವಿಷ್ಯವೂ ಅದೇ ಗಾಂಭೀರ್ಯದಿಂದ, ಕಾರ್ಬನ್ ಪ್ರತಿಗಳ ಸಮೇತ ಟೈಪಾಯಿತು. ಅಮ್ಮ ಹಾಳೆ ತೆಗೆದು ಓದಿದಳು.

"ಮಾವ, ಹೋಗುವವರಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ?"

"ಟೈಪ್ ಮಾಡುವವನ ಹೆಸರು ಪಟ್ಟಿಯಲ್ಲಿ ಬರುವ ಕ್ರಮ ಇಲ್ಲ ಮಗಳೇ."

ಅಜ್ಜ ಪೆನ್ನಿನ ಮುಚ್ಚಳ ತೆಗೆದು, ರುಜು ಹಾಕಲು ಅಪ್ಪನತ್ತ ಚಾಚಿದರು. ಅಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟರು.