ಎಂಟು ಗಂಟೆಯ ಸದ್ದು

ಬೇಲಿಯಾಚೆ ಆ ಮನುಷ್ಯ ಇವತ್ತೂ ಬಂದು ನಿಂತಿದ್ದ.

ಶಿವಪ್ರಸಾದ ಲ್ಯಾಪ್‌ಟಾಪ್ ಮುಚ್ಚಿ ಕಿಟಕಿಯ ಪರದೆಯ ಮರೆಯಿಂದ ನೋಡಿದ. ಎದೆಮಟ್ಟದ ಹಲಗೆ ಬೇಲಿ. ಅದರ ಮೇಲೆ ಬೋಳು ತಲೆ, ನುಣುಪು ಗಲ್ಲ. ಕೈಗಳು ಕಾಣುತ್ತಿರಲಿಲ್ಲ. ನೋಟ ಮಾತ್ರ ನೇರ ಶಿವಪ್ರಸಾದನ ಅಡುಗೆಮನೆಯ ಕಿಟಕಿಯತ್ತ. ಒಳಗೆ ಅವನ ತಾಯಿ ಬಂಗಾರೆವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಎಪ್ಪತ್ತಾರರ ಕೈ, ಆದರೂ ಹದಿನೈದನೆಯ ರೊಟ್ಟಿಗೂ ಮೊದಲನೆಯದರ ಪೆಟ್ಟೇ. ಟಪ್ ಟಪ್ ಟಪ್, ಒಂದು ಸುತ್ತು, ಮತ್ತೆ ಟಪ್ ಟಪ್ ಟಪ್. ವಾಲ್ನಟ್ ಕ್ರೀಕ್ ಎಂಬ ಆ ಪರದೇಶದ ಊರಿನ ಬೀದಿಯಲ್ಲಿ ನಾಯಿ ಕೂಡ ಮೆಲ್ಲಗೆ ಬೊಗಳುತ್ತಿತ್ತು. ಈ ಸದ್ದಿಗೆ ಶಿವಪ್ರಸಾದನ ಜೀವ ಹಿಡಿಯಷ್ಟಾಗುತ್ತಿತ್ತು.

ಆ ಮನುಷ್ಯ, ವಾಲ್ಟರ್, ಪಕ್ಕದ ಮನೆಗೆ ಬಾಡಿಗೆಗೆ ಬಂದು ಆರು ತಿಂಗಳಾಗಿತ್ತು. ಬೆಳಿಗ್ಗೆ ಎಂಟಕ್ಕೆ ಸದ್ದು ಶುರುವಾದರೆ ಬೇಲಿಯ ಬಳಿ ಹಾಜರು. ರೊಟ್ಟಿ ಮುಗಿದರೆ ಒಳಗೆ.

"ನೋಡು, ಕಂಪ್ಲೇಂಟ್ ಕೊಡೋಕೆ ಟೈಮು ನೋಟ್ ಮಾಡ್ಕೋತಿದಾನೆ," ಎಂದ ಮಗಳಿಗೆ.

ಹದಿನಾಲ್ಕರ ಸಂಯುಕ್ತಾ ಬಟ್ಟಲಿನಿಂದ ತಲೆ ಎತ್ತಲಿಲ್ಲ. "ಡ್ಯಾಡ್, ಹೀ ಲುಕ್ಸ್ ಹ್ಯಾಪಿ."

"ನಿಂಗೆ ಗೊತ್ತಾಗಲ್ಲ, ಸುಮ್ನಿರು."

ಅವನಿಗೆ ಗೊತ್ತಿತ್ತು. ಆಫೀಸಿನವರು ಊಟಕ್ಕೆ ಬಂದ ದಿನ ಅವ್ವನ ರೊಟ್ಟಿ ಬಡಿಯುವ ಮಣೆಯನ್ನು ಗರಾಜಿನಲ್ಲಿ ಬಚ್ಚಿಟ್ಟು, ಹೊರಗಿನಿಂದ ಊಟ ತರಿಸಿದವನು ಅವನು. ಅವ್ವ ಆಗ ಏನೂ ಕೇಳಿರಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಅದೇ ಗರಾಜಿನ ಗೋಡೆಯ ತುಂಬ ‘ಟಿನ್ ಆರ್ಚರ್ಡ್’ ಬ್ಯಾಂಡಿನ ಪೋಸ್ಟರುಗಳು. ಹುಬ್ಬಳ್ಳಿಯ ಹಾಸ್ಟೆಲ್ಲಿನಲ್ಲಿ ಒಂದು ನಕಲು ಕ್ಯಾಸೆಟ್ಟಿನಿಂದ ಹಿಡಿದ ಹುಚ್ಚು. ಬ್ಯಾಂಡಿನ ಚರಿತ್ರೆ ಅವನಿಗೆ ಬಾಯಿಪಾಠ. ೧೯೭೪ರಲ್ಲಿ ಲಾಸ್ ಆಲ್ಟೋಸಿನ ಏಪ್ರಿಕಾಟ್ ಒಣಗಿಸುವ ಕೊಟ್ಟಿಗೆಯಲ್ಲಿ ಹುಟ್ಟಿದ್ದು, ಮೂರನೆಯ ಆಲ್ಬಮ್ಮಿಗೆ ಹೆಸರು ಬಂದದ್ದು, ಗಾಯಕ ಜಗಳವಾಡಿ ಹೋಗಿ ಆರು ವರ್ಷಕ್ಕೆ ಮರಳಿದ್ದು, ಗಿಟಾರಿನವರು ಮೂರು ಸಲ ಬದಲಾದದ್ದು. ಡ್ರಮ್ಮರ್ ಡಸ್ಟಿ ಒಬ್ಬನೇ ಕಡೆತನಕ ಕೂತವನು. ಹಿಂದಿನ ಸಾಲಿನಲ್ಲಿ, ಮೂಗಿನವರೆಗೆ ಹುಲ್ಲಿನ ಹ್ಯಾಟು ಎಳೆದುಕೊಂಡು, ಪೊದೆಗಡ್ಡದಲ್ಲಿ ಮುಳುಗಿ, ಐವತ್ತೊಂದು ವರ್ಷದಲ್ಲಿ ಒಂದೂ ಕಾರ್ಯಕ್ರಮ ತಪ್ಪಿಸಿರಲಿಲ್ಲ.

ಶಿವಪ್ರಸಾದ ಮಾತ್ರ ತಪ್ಪಿಸಿಕೊಂಡಿದ್ದ. ಒಮ್ಮೆ ಮಗಳು ಹುಟ್ಟಿದ ದಿನ, ಒಮ್ಮೆ ಅಪ್ಪ ತೀರಿದ ವಾರ. ಎರಡು ಸಲವೂ ಟಿಕೆಟ್ ಜೇಬಿನಲ್ಲೇ ಉಳಿದಿತ್ತು. ಈಗ ಓಕ್ಲೆಂಡಿನಲ್ಲಿ ವಿದಾಯದ ಕಾರ್ಯಕ್ರಮ, ಇನ್ನು ಮೂರು ವಾರಕ್ಕೆ. ಮತ್ತೊಂದು ಸಲ ಎಂಬುದಿಲ್ಲ.

ಶನಿವಾರ ಕಸದ ಡಬ್ಬಿ ಒಳಗೆಳೆಯುವಾಗ ವಾಲ್ಟರ್ ಎದುರಾದ. ಎರಡೂ ಕೈ ಜೇಬಿನಲ್ಲಿ. ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದ: "ಆ ಬೆಳಗಿನ ಸದ್ದು ನಿಮ್ಮ ತಾಯಿಯವರದಾ? ಯಾಕೆ ಕೇಳ್ತೀನಂದ್ರೆ, ಈ ತಿಂಗಳು ನನಗೆ ಬೆಳಗಿನ ಹೊತ್ತು ಬಹಳ ಮುಖ್ಯ..."

ಶಿವಪ್ರಸಾದನ ಕಿವಿ ಬಿಸಿಯಾಯಿತು. "ಮುಂದೆ ಹೇಳಲೇಬೇಡಿ. ತುಂಬಾ ಸಾರಿ. ನಾಳೆಯಿಂದ ನಿಲ್ಲುತ್ತೆ."

"ಅಲ್ಲ, ನಾನು ಕೇಳಬೇಕೆಂದಿದ್ದು..."

"ಅರ್ಥ ಆಗುತ್ತೆ. ಪ್ರಾಮಿಸ್."

ವಾಲ್ಟರ್ ಒಂದು ಹೆಜ್ಜೆ ಹಿಂದೆ ಸರಿದ. ಜೇಬಿನೊಳಗೆ ಕೈಗಳು ಅಲುಗಿದವು. ಸಿಟ್ಟು, ಎಂದುಕೊಂಡ ಶಿವಪ್ರಸಾದ.

"ಅವ್ವಾ, ಇನ್ನ ರೊಟ್ಟಿ ಬಡೀಬ್ಯಾಡ. ಬಾಜೂ ಮನಿಯವರಿಗೆ ತ್ರಾಸ ಆಗ್ತದ," ಎಂದ ಒಳಗೆ ಬಂದು.

"ಯಾರಿಗೋ, ಆ ಮುದುಕಗ? ಅಂವ ದಿನಾ ನನ್ನ ನೋಡಿ ನಗ್ತಾನಲ್ಲೋ."

"ಇಲ್ಲಿ ಮಂದಿ ಸಿಟ್ಟಾದರೂ ನಗ್ತಾರವ್ವಾ."

ಬಂಗಾರೆವ್ವ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹಂಗಾರ ನೀನೂ ಇಲ್ಲಿಯವನಾ ಆದಿ ಬಿಡಪಾ. ಮುಂಜಾನಿಂದ ನಕ್ಕೋತ ನಿಂತೀದಿ."

ಮರುದಿನ ರೊಟ್ಟಿ ಒತ್ತುವ ಸ್ಟೀಲಿನ ಯಂತ್ರ ಬಂತು. ಸದ್ದಿಲ್ಲ, ಸುದ್ದಿಯಿಲ್ಲ. ಬಂಗಾರೆವ್ವ ಒಂದು ತುಂಡು ಮುರಿದು ತಟ್ಟೆ ಸರಿಸಿದಳು. "ಇದು ರೊಟ್ಟಿ ಅಲ್ಲೋ, ಹಪ್ಪಳ." ಅಂದಿನಿಂದ ಅವಳು ಬ್ರೆಡ್ಡು ತಿಂದಳು, ಮಣೆಯನ್ನು ತಾನೇ ಗರಾಜಿಗೆ ಒಯ್ದಿಟ್ಟಳು.

ವಾಲ್ಟರ್ ನಾಲ್ಕು ದಿನ ಎಂಟಕ್ಕೆ ಬಂದು ಬೇಲಿಯ ಬಳಿ ಕಾದ. ಐದನೆಯ ದಿನ ಬಾಗಿಲಲ್ಲಿ ಒಂದು ಚೀಲ ನಿಂಬೆಹಣ್ಣು, ಜೊತೆಗೆ ಸೊಟ್ಟಪಟ್ಟ ಅಕ್ಷರದ ಚೀಟಿ: ‘ನಿಮ್ಮ ತಾಯಿಯವರಿಗೆ ನನ್ನಿಂದ ಮುಜುಗರವಾಗಿದ್ದರೆ ಕ್ಷಮಿಸಿ. ಇನ್ನು ಬೇಲಿಯ ಬಳಿ ಬರುವುದಿಲ್ಲ.’

"ನೋಡಿದ್ಯಾ, ಎಷ್ಟು ಸಭ್ಯ ಮನುಷ್ಯ!" ಎಂದ ಶಿವಪ್ರಸಾದ. ಸಂಯುಕ್ತಾ ಅಜ್ಜಿಯ ಮುಖ ನೋಡಿ ಎದ್ದು ಹೋದಳು.

ಕಾರ್ಯಕ್ರಮದ ಹಿಂದಿನ ದಿನ, ಶುಕ್ರವಾರ ಮಧ್ಯಾಹ್ನ, ಅವನು ಹಳೆಯ ಟೀ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದಾಗ ಫೋನು ಗುಂಯ್‌ಗುಟ್ಟಿತು. ಟಿನ್ ಆರ್ಚರ್ಡಿನ ಪ್ರಕಟಣೆ.

‘ನಾಳೆ ನಾವು ನುಡಿಸುವುದಿಲ್ಲ. ಎರಡು ವರ್ಷದಿಂದ ಡಸ್ಟಿಗೆ ಕೈನಡುಕದ ಕಾಯಿಲೆ. ಯಾವ ಯಂತ್ರದ ತಾಳಕ್ಕೂ ಬಗ್ಗದ ಅವನ ಕೈಗಳು ಒಂದು ಬೆಳಗಿನ ಸದ್ದಿಗೆ ಬಗ್ಗಿದ್ದವು. ಅದನ್ನು ಕೇಳಿ ಬಂದ ದಿನ ಅವನು ನಡುಗದೆ ನುಡಿಸುತ್ತಿದ್ದ. ರೆಕಾರ್ಡು ಮಾಡಿಕೊಳ್ಳಲು ಅನುಮತಿ ಕೇಳಹೋದವನು ಕೇಳಲಾಗದೆ ಮರಳಿದ. ಮೂರು ವಾರದಿಂದ ಆ ಸದ್ದು ನಿಂತಿದೆ. ಅವನಿಲ್ಲದೆ ನಾವು ವೇದಿಕೆ ಹತ್ತುವುದಿಲ್ಲ. ನಮ್ಮ ಐವತ್ತೊಂದು ವರ್ಷ ಇಲ್ಲಿಗೆ ಮುಗಿಯಿತು.’

ಇಸ್ತ್ರಿಯ ಕೆಳಗೆ ಬಟ್ಟೆ ಸುಡುವ ವಾಸನೆ ಬಂತು. ಅವನು ಹೆಬ್ಬೆರಳಿನಿಂದ ಫೋನಿನ ಪರದೆಯನ್ನು ಮೇಲೆ ತಳ್ಳಿದ.

ಕೆಳಗೊಂದು ಚಿತ್ರವಿತ್ತು. ಹ್ಯಾಟಿಲ್ಲದ, ಗಡ್ಡವಿಲ್ಲದ ಡಸ್ಟಿಯ ಬೋಳು ತಲೆ, ಹಲಗೆ ಬೇಲಿಯ ಒಳಮೈ ಮೇಲೆ ತಾಳ ಹಾಕುತ್ತಿರುವ ಹತ್ತು ಬೆರಳು. ಬೇಲಿಯಾಚೆಯ ಅಡುಗೆಮನೆಯ ಕಿಟಕಿಯಲ್ಲಿ, ರೊಟ್ಟಿ ಬಡಿಯಲೆಂದು ಕೈ ಎತ್ತಿದ ಬಂಗಾರೆವ್ವ.