ಕಾಳಿನ ಪರೀಕ್ಷೆ

ಮಗುವಿನ ಉಚ್ಚೆ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದ್ದನ್ನು ಕಂಡು ತಾಯಿ ಗ್ರೇಕಾ ಅವನನ್ನು ಎತ್ತಿಕೊಂಡು ಒಳಗೆ ಓಡಿಬಂದಳು. ಅವಳ ಅತ್ತೆ ರಿಮೇದಿಯಾ ಮಾತ್ರ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಮೇರಿಮಾತೆಗೆ ವಂದನೆ ಹೇಳಿದಳು.

"ಏನತ್ತೆ ಇದು? ಕಣ್ಣು ನೋಡಿ, ಅರಿಶಿನ ಆಗ್ಬಿಟ್ಟಿದೆ."

"ಹೆದರಬೇಡ ಕಣೇ. ಇವನಪ್ಪನಿಗೂ ಚಿಕ್ಕಂದಿನಲ್ಲಿ ಹಿಂಗೇ ಆಗಿತ್ತು. ಎರಡು ದಿನ ಮಲಗಿದ್ದ, ಆಮೇಲೆ ಎದ್ದು ಕುರಿ ಹಿಂದೆ ಓಡಿದ."

ವಸಂತ ಬಂತೆಂದರೆ ಸಾರ್ಡೀನಿಯಾದ ಆ ಬಯಲಿನ ಊರಿನಲ್ಲಿ ಮನೆಮನೆಯಲ್ಲೂ ಹಸಿ ಫಾವಾ ಕಾಳು ಹಂದಿಕೊಬ್ಬಿನ ಜೊತೆ ಬೇಯುತ್ತದೆ. ನಮ್ಮ ಅವರೆಕಾಳಿನ ದಪ್ಪ ಅಣ್ಣನಂಥದ್ದು. ರಿಮೇದಿಯಾಳ ಮನೆಯೊಳಗೆ ಮಾತ್ರ ಅದಕ್ಕೆ ಪ್ರವೇಶವಿಲ್ಲ. ತೀರಿಹೋದ ಗಂಡನಿಗೆ ಅದು ಆಗುತ್ತಿರಲಿಲ್ಲ, ತಿಂದರೆ ಕಣ್ಣು ಹಳದಿಯಾಗುತ್ತಿತ್ತು; ಮಗ ಅಂತಿಯೋಕುವಿಗೂ ಆಗುವುದಿಲ್ಲ. 'ನಮ್ಮ ಮನೆ ಗಂಡಸರ ರಕ್ತವೇ ಹಾಗೆ' ಎನ್ನುವಾಗ ಅವಳ ದನಿಯಲ್ಲಿ ಬೇಸರಕ್ಕಿಂತ ಜಂಬವೇ ಜಾಸ್ತಿ.

ಮಗ ಹಡಗಿನ ಕೆಲಸದವನು, ಊರಲ್ಲಿರುವುದೇ ಅಪರೂಪ. ನಾಲ್ಕು ವರ್ಷದ ಮೊಮ್ಮಗ ಎಫಿಸ್‌ಗೆ ಎರಡೂ ಮನೆತನದಲ್ಲಿ ಯಾರಿಗೂ ಇಲ್ಲದ ಕೆಂಚುಗೂದಲು. ಬ್ರೆಡ್ಡಿನ ಅಂಗಡಿ ಮುಂದೆ ಹೆಂಗಸರು "ಮಗು ಯಾರ ಹಾಗಿದೆ?" ಎಂದು ನಕ್ಕಾಗಲೆಲ್ಲ ರಿಮೇದಿಯಾ ಬ್ರೆಡ್ಡು ಕೊಳ್ಳದೆಯೇ ಮನೆಗೆ ತಿರುಗುತ್ತಿದ್ದಳು. ಕೊನೆಗೆ ತಾನೇ ನೋಡಿಬಿಡೋಣವೆಂದು, ಹಿಂದಿನ ದಿನ ಸೊಸೆ ಚರ್ಚಿಗೆ ಹೋಗಿದ್ದಾಗ ಪಕ್ಕದ ಮನೆಯಿಂದ ಒಂದು ಬೊಗಸೆ ಕಾಳು ತಂದು ಮಗುವಿಗೆ ತಿನ್ನಿಸಿದಳು. ಈಗ ಉತ್ತರ ಬಂದಿತ್ತು. ಮಗು ನಮ್ಮದೇ.

ಮಧ್ಯಾಹ್ನದ ಹೊತ್ತಿಗೆ ಆ ಮಗು ಕಣ್ಣು ಬಿಡಲಾರದೆ ಹೋಯಿತು. ಪಟ್ಟಣದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಕ್ತದ ಚೀಲ ನೇತುಹಾಕಿಸಿ, ಇಬ್ಬರ ಕಡೆ ತಿರುಗಿದರು.

"ಫಾವಾ ತಿನ್ನಿಸಿದ್ದು ಯಾರು?"

"ನಮ್ಮನೇಲಿ ಅದನ್ನ ತರೋದೇ ಇಲ್ಲ" ಎಂದಳು ಗ್ರೇಕಾ.

"ನಾನೇ ತಿನ್ನಿಸ್ದೆ" ಎಂದಳು ರಿಮೇದಿಯಾ. ಗತ್ತು ಇನ್ನೂ ಇಳಿದಿರಲಿಲ್ಲ. "ಇವನು ನನ್ನ ಮಗನಿಗೆ ಹುಟ್ಟಿದವನೋ ಅಲ್ವೋ ಅಂತ ಊರೇ ಆಡ್ಕೋತಿತ್ತು. ಈಗ ಗೊತ್ತಾಯ್ತಲ್ಲ, ಅಪ್ಪನ ರಕ್ತ."

ಗ್ರೇಕಾ ಅತ್ತೆಯ ಪಕ್ಕದಿಂದ ಒಂದು ಹೆಜ್ಜೆ ಸರಿದು ನಿಂತಳು.

"ಅಜ್ಜಿ, ಈ ಕಾಳು ಆಗದಿರೋ ದೋಷ ಅಪ್ಪನಿಂದ ಗಂಡುಮಗೂಗೆ ಬರೋದೇ ಇಲ್ಲ" ಎಂದರು ಡಾಕ್ಟರಮ್ಮ. "ಅಮ್ಮನಿಂದ ಬರೋದು. ಸಾಮಾನ್ಯವಾಗಿ ಅವಳಿಗೇನೂ ಆಗಿರಲ್ಲ, ಮಗನಿಗೆ ದಾಟಿಸ್ತಾಳೆ. ಇವನಿಗೆ ಬಂದಿರೋದು ನಿಮ್ಮ ಸೊಸೆಯಿಂದ."

"ಹಂಗಾದ್ರೆ ನನ್ನ ಮಗನಿಗೆ?"

"ನಿಮ್ಮಿಂದ."

"ನನ್ನಿಂದ? ನಾನು ತವರಲ್ಲಿ ಬುಟ್ಟಿಗಟ್ಟಲೆ ತಿಂದು ಅರಗಿಸ್ಕೊಂಡವಳು."

"ಆದ್ರೂ ನಿಮ್ಮಿಂದಲೇ."

ರಿಮೇದಿಯಾಳಿಗೆ ತಲೆಬುಡ ತಿಳಿಯಲಿಲ್ಲ. ಹಾಗಾದರೆ ಗಂಡನ ಮನೆತನದ ರಕ್ತವೆಂದು ಇಷ್ಟು ವರ್ಷ ಹೇಳಿಕೊಂಡು ತಿರುಗಿದ್ದು ಏನು? ಮಗು ಹಳದಿಯಾಗಿದ್ದಕ್ಕೆ ಅರ್ಥವೇನು? ಹಳದಿಯಾಗದೆ ಇದ್ದಿದ್ದರೆ? ಯೋಚಿಸಿದಷ್ಟೂ ದಾರದ ಉಂಡೆ ಸಿಕ್ಕಾಯಿತು.

"ಡಾಕ್ಟರಮ್ಮ, ಒಂದೇ ಮಾತಲ್ಲಿ ಹೇಳಿ. ಇವನು ನನ್ನ ಮೊಮ್ಮಗ ಹೌದೋ ಅಲ್ವೋ?"

"ಅದು ಕಾಳಿಗೆ ಗೊತ್ತಿಲ್ಲ ಅಜ್ಜಿ. ಇನ್ನೊಂದು ಹಿಡಿ ತಿನ್ನಿಸಿದ್ರೆ ಮಗು ಉಳೀತಿರಲಿಲ್ಲ, ಅಷ್ಟು ಮಾತ್ರ ನನಗೆ ಗೊತ್ತು."

ಡಾಕ್ಟರಮ್ಮ ಹೊರಟುಹೋದರು. ಗ್ರೇಕಾ ಅಳಲಿಲ್ಲ, ಬೈಯಲೂ ಇಲ್ಲ. "ನನ್ನನ್ನೇ ಕೇಳಬಹುದಿತ್ತಲ್ಲ ಅತ್ತೆ" ಎಂದು ಮಂಚದ ಇನ್ನೊಂದು ಬದಿಗೆ ಹೋಗಿ, ಮಗುವಿನ ಪಾದಗಳನ್ನು ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ಕುಳಿತಳು.

ಸಂಜೆಗೆ ಎಫಿಸ್ ಕಣ್ಣು ಬಿಟ್ಟ. ಮೊದಲು ಅಜ್ಜಿಯನ್ನು ಹುಡುಕಿ ನೋಡಿದ.

"ಅಜ್ಜಿ, ಕಾಳು ಕಹಿ ಇತ್ತು. ಆದ್ರೂ ನೀನು ಹೇಳ್ದಂಗೆ ಎಲ್ಲಾ ತಿಂದೆ. ಈಗ ನಾನು ನಿನ್ನ ಮೊಮ್ಮಗ ತಾನೇ?"

ಉತ್ತರ ಕೇಳಲು ಗ್ರೇಕಾ ಕೂಡ ತಲೆ ಎತ್ತಿದಳು.