ಲೋಬಾನ ಹಾಕಿಸಿಕೊಂಡ ಮರಿ

ಪ್ರಾಣಿಶಾಸ್ತ್ರ ಓದಿ ಮುಗಿಸಿದ್ದ ಭಾಗ್ಯಶ್ರೀ ಹಿತ್ತಲಿಗೆ ಬರುವಷ್ಟರಲ್ಲಿ ಅನಾಹುತ ನಡೆದೇ ಹೋಗಿತ್ತು. ಅವಳ ಅಜ್ಜಿ ಗೌರಕ್ಕ ಕಾಲು ಚಾಚಿ ಕೂತು, ಕಾಲ ಮೇಲೆ ಚುಕ್ಕೆ ಜಿಂಕೆಯ ಮರಿಯೊಂದನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಎರೆದು, ಈಗ ಲೋಬಾನದ ಹೊಗೆ ಹಿಡಿಯುತ್ತಿದ್ದಳು. ಮುಗದ ಎಂಬ ಆ ಊರಿನ ಅರ್ಧ ಕೂಸುಗಳಿಗೆ ಎರೆದ ಕೈ ಅದು.

“ಗೋವಿನಜೋಳದ ಹೊಲದಾಗ ಬಿದ್ದಿತ್ತವಾ, ತಬ್ಬಲಿ. ಹತ್ರ ಹೋದ್ರೂ ಅಳ್ಳಾಡಲಿಲ್ಲ.”

“ತಬ್ಬಲಿ ಅಲ್ಲ ಆಯಿ! ಅದರವ್ವ ಮೇಯಾಕ ಹೋಗಿರತಾಳ. ಬರೂತನಕ ಮರಿ ಅಳ್ಳಾಡೂದಿಲ್ಲ. ನಾಯಿಗೆ ವಾಸನಿ ಹತ್ತಬಾರದಂತ ಅಕಿ ಅದರ ಮೈ ನೆಕ್ಕಿ ನೆಕ್ಕಿ ಇಟ್ಟಿರತಾಳ. ನೀ ನೋಡಿದ್ರ ಲೋಬಾನ ಹಾಕೀದಿ!”

ಮನೆಗೆ ಯಾರಾದರೂ ಬಂದರೆ ಒಳಕೋಣೆ ಸೇರುವ ಹುಡುಗಿಯ ದನಿ ಓಣಿಗೆಲ್ಲ ಕೇಳಿತು. ಗೌರಕ್ಕ ಹೊಗೆಯ ಬಟ್ಟಲನ್ನು ಕೆಳಗಿಟ್ಟಳು.

“ಹಂಗಾರ ಅದರವ್ವ ಇದನ್ನ ಗುರುತು ಹಿಡಿಯೂದಿಲ್ಲೇನ?”

“ಗೊತ್ತಿಲ್ಲ. ಲಗೂ ನಡಿ.”

ಹೊಲದಲ್ಲಿ ಮರಿ ಮಲಗಿದ್ದ ಜಾಗದ ಹುಲ್ಲನ್ನೇ ಕಿತ್ತು ಭಾಗ್ಯಶ್ರೀ ಅದರ ಮೈ ತಿಕ್ಕಿದಳು, ಮಣ್ಣು ಸವರಿದಳು. ಲೋಬಾನ ಮಾತ್ರ ಹಟ ಹಿಡಿದಂತೆ ಘಮಘಮ ಅನ್ನುತ್ತಲೇ ಇತ್ತು. ಮರಿಯನ್ನು ಅಲ್ಲೇ ಮಲಗಿಸಿ, ಗಾಳಿ ಬೀಸುವ ದಿಕ್ಕು ನೋಡಿಕೊಂಡು, ಇಬ್ಬರೂ ದೂರದ ಬದುವಿನ ಹಿಂದೆ ಅಡಗಿ ಕೂತರು. ಕೂತೇ ಕೂತರು.

“ಬರಲಿಲ್ಲಂದ್ರ ನಾವ ಸಾಕೂಣೇಳು,” ಎಂದಳು ಗೌರಕ್ಕ, ಸೆರಗನ್ನು ಬಾಯಿಗೆ ಒತ್ತಿಕೊಂಡು.

“ಇಷ್ಟ ಸಣ್ಣದು ತಾಯಿ ಇಲ್ದ ಬದುಕೂದು ಕಷ್ಟ ಆಯಿ.”

ಹೊತ್ತು ಇಳಿಯುವಾಗ ಕಾಡಂಚಿನಿಂದ ತಾಯಿ ಜಿಂಕೆ ಬಂತು. ಮರಿಯನ್ನು ಮೂಸಿತು. ಥಟ್ಟನೆ ಹಿಂದೆ ಸರಿದು, ಬಾಲ ನಿಗುರಿಸಿ, ಮುಂಗಾಲಿನಿಂದ ನೆಲ ಗುದ್ದಿತು. ಭಾಗ್ಯಶ್ರೀ ಆಯಿಯ ಕೈ ಹಿಡಿದಳು. ಜಿಂಕೆ ಓಡಲು ತಿರುಗಿಯೂ ಬಿಟ್ಟಿತು.

ಆಗ ಮರಿ ಸಣ್ಣಗೆ ಕೂಗಿತು. ತಾಯಿಯ ಕಿವಿಗಳು ಹಿಂದಕ್ಕೆ ಹೊರಳಿದವು. ಒಂದೊಂದೇ ಹೆಜ್ಜೆ ಇಟ್ಟು ಮರಳಿ ಬಂತು; ಇನ್ನೊಮ್ಮೆ ಮೂಸಿತು, ಸೀನಿತು. ಆಮೇಲೆ ಕಿವಿಯಿಂದ ಶುರುಮಾಡಿ ಬಾಲದವರೆಗೆ, ಬಾಲದಿಂದ ಮತ್ತೆ ಕಿವಿಯವರೆಗೆ, ಬಿಡದೆ ನೆಕ್ಕತೊಡಗಿತು.

ಭಾಗ್ಯಶ್ರೀ ಹಿಡಿದಿಟ್ಟಿದ್ದ ಉಸಿರು ಬಿಟ್ಟಳು. ಗೌರಕ್ಕ ಕಣ್ಣೊರೆಸಿಕೊಂಡಳು; ಆಮೇಲೆ ಅವಳ ಹುಬ್ಬು ಗಂಟಿಕ್ಕಿತು.

“ಇಷ್ಟ ವರ್ಷ ಆತು,” ಎಂದು ಪಿಸುಗುಟ್ಟಿದಳು, “ಯಾವ ಬಾಣಂತೀನೂ ನಾ ಎರದ ಕೂಸನ್ನ ಹಿಂಗ ಮತ್ತ ತೊಳದಿದ್ದಿಲ್ಲ ನೋಡವಾ.”